ನಿರ್ಧಾರ ಎಲ್ಲಿ ಆಗುತ್ತೆ? ದೂರದ ಊರುಗಳ ಉದ್ಯಮಿಗಳಿಗೆ ಪಾಲಿಸಿ ಮಾಡೋದರ ಬಗ್ಗೆ

ಹೋದ ವಾರ ಆಡಿದ ಮಾತನ್ನ ಬರೆದು ಹಾಕಿ ಅಂತ ಕೆಲವರು ಕೇಳಿದ್ರು. ಟೈಮ್ ಸಾಲದೆ ಅಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದೀನಿ, ಮಿಕ್ಕಿದ್ದು ಮಾತಾಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮೊದಲು ಎರಡು ಪದಗಳನ್ನ ಬೇರೆ ಬೇರೆ ಮಾಡ್ಕೊಂಡುಬಿಡೋಣ. ದೂರದ ಊರು ಅಂತೀವಿ, ಅಂಚಿನ ಊರು ಅಂತೀವಿ, ಎರಡೂ ಒಂದೇ ಅನ್ನೋ ಥರ ಬಳಸ್ತೀವಿ. ದೂರವನ್ನ ಅಳೀಬಹುದು. ಒಇಸಿಡಿ ಅನ್ನೋ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರೋ ಆರ್ಥಿಕ ಸಂಘಟನೆಯವರು ಒಂದು 50,000 ಜನ ಇರೋ ಪಟ್ಟಣಕ್ಕೆ ಗಾಡಿಯಲ್ಲಿ ಒಂದು ಗಂಟೆಯೊಳಗೆ ಹೋಗೋಕಾಗುತ್ತಾ ಅಂತ ನೋಡ್ತಾರೆ. ಆಸ್ಟ್ರೇಲಿಯಾದವರು ರಸ್ತೆ ದೂರ ಲೆಕ್ಕ ಹಾಕಿ ಇಡೀ ದೇಶನ ಐದು ವರ್ಗ ಮಾಡಿದಾರೆ, ಕೊನೇದರ ಹೆಸರೇ 'ಬಹಳ ದೂರ'. ಸ್ವೀಡನ್, ಫಿನ್‌ಲ್ಯಾಂಡ್ 1995ರಲ್ಲಿ ಯುರೋಪಿಯನ್ ಯೂನಿಯನ್ ಸೇರಿದಾಗ ಚದರ ಕಿಲೋಮೀಟರಿಗೆ 8 ಜನ ಅಥವಾ ಅದಕ್ಕಿಂತ ಕಮ್ಮಿ ಇರೋ ಜಾಗಗಳಿಗೆ ಅಂತಲೇ ಬೇರೆ ನೆರವಿನ ವ್ಯವಸ್ಥೆ ಆಯ್ತು. ಇವೆಲ್ಲಾ ಸರಿ, ಅಳತೆ ಬೇಕೇ ಬೇಕು.

ಆದ್ರೆ ಅಂಚು ಅನ್ನೋದು ಟೇಪಿಗೆ ಸಿಗಲ್ಲ. ಒಂದು ಊರಿನ ಬಗ್ಗೆ ಆಗಬೇಕಾದ ನಿರ್ಧಾರ ಯಾವಾಗ್ಲೂ ಬೇರೆ ಕಡೆನೇ ಆಗ್ತಾ ಇದ್ರೆ ಅದು ಅಂಚಿನ ಊರು. ಫ್ಯಾರೋ ದ್ವೀಪಗಳನ್ನ ನೋಡಿ. ಅಟ್ಲಾಂಟಿಕ್ ಸಮುದ್ರದ ಮಧ್ಯ ಐವತ್ತು ಸಾವಿರ ಚಿಲ್ಲರೆ ಜನ, ಡೆನ್ಮಾರ್ಕಿಗೆ ಸೇರಿದ್ದು, ಆದ್ರೆ 1948ರಿಂದ ಸ್ವಂತ ಆಡಳಿತ ಇದೆ, ಮೀನುಗಾರಿಕೆ ನಿಯಮ ಅವರೇ ಮಾಡ್ಕೋತಾರೆ, ಸಮುದ್ರದ ತಳದಲ್ಲಿ ಸುರಂಗ ಕೊರೆದು ದ್ವೀಪ ದ್ವೀಪಕ್ಕೆ ರಸ್ತೆ ಮಾಡ್ಕೊಂಡಿದಾರೆ, 2020ರಲ್ಲಿ ತೆರೆದ ಸುರಂಗದಲ್ಲಂತೂ ನೀರಿನಡಿ ಒಂದು ಸರ್ಕಲ್ಲೇ ಇದೆ. ತಪ್ಪೂ ಮಾಡಿದಾರೆ, 1990ರ ದಶಕದ ಶುರುವಲ್ಲಿ ಬ್ಯಾಂಕುಗಳು ಮುಳುಗಿ ಸಾವಿರಾರು ಜನ ದ್ವೀಪ ಬಿಟ್ಟುಹೋದ್ರು. ಆದ್ರೂ ಆ ಜಾಗ ದೂರದ ಜಾಗ ನಿಜ, ಅಂಚಿನ ಜಾಗ ಅಂತ ಮಾತ್ರ ನಾನು ಹೇಳಲ್ಲ. ಅದೇ ದೊಡ್ಡ ಪಟ್ಟಣದಿಂದ ಎರಡೇ ಗಂಟೆ ದಾರಿಯಲ್ಲಿದ್ದು ಪೂರ್ತಿ ಅಂಚಾಗಿರೋ ಊರುಗಳು ಎಲ್ಲಾ ದೇಶದಲ್ಲೂ ಇವೆ.

ನಾನು ಇವತ್ತು ಹೇಳಬೇಕಂತ ಬಂದಿರೋದು ಇಷ್ಟು: ದೂರಕ್ಕೆ ದುಡ್ಡು ಕೊಟ್ಟು ಒಂದಷ್ಟು ಸರಿದೂಗಿಸಬಹುದು, ಅಂಚಿಗೆ ಮಾತ್ರ ನಿರ್ಧಾರವನ್ನೇ ಅಲ್ಲಿಗೆ ಕಳಿಸಬೇಕಾಗುತ್ತೆ. ನಮ್ಮ ಹೆಚ್ಚಿನ ಸ್ಕೀಮುಗಳು ಮೊದಲನೇದನ್ನ ಅರ್ಧಂಬರ್ಧ ಮಾಡಿ ಎರಡನೇದನ್ನ ಮುಟ್ಟೋದೇ ಇಲ್ಲ.

ಇದರ ಹಿಂದೆ ಒಂದು ಕಥೆ ಇದೆ. 1955ರಲ್ಲಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರಾಂಸ್ವಾ ಪೆರೂ 'ಬೆಳವಣಿಗೆಯ ಧ್ರುವ' ಅನ್ನೋ ವಿಚಾರ ಬರೆದ್ರು, ಬೆಳವಣಿಗೆ ಎಲ್ಲಾ ಕಡೆ ಒಟ್ಟಿಗೆ ಆಗಲ್ಲ, ಕೆಲವು ಬಿಂದುಗಳಲ್ಲಿ ಶುರುವಾಗಿ ಹರಡುತ್ತೆ ಅಂತ. ಅವರು ಹೇಳಿದ್ದು ಉದ್ಯಮಗಳ ನಡುವಿನ ಸಂಬಂಧದ ಬಗ್ಗೆ, ಸರ್ಕಾರಗಳು ಅದನ್ನ ನಕ್ಷೆ ಮೇಲೆ ಚುಕ್ಕಿ ಇಡೋದು ಅಂತ ಮಾಡ್ಕೊಂಡ್ವು. ಹಿಂದುಳಿದ ಜಾಗದಲ್ಲಿ ಒಂದು ದೊಡ್ಡ ಫ್ಯಾಕ್ಟರಿ ತಂದು ಇಡಿ, ಸುತ್ತ ಸಣ್ಣಪುಟ್ಟ ಉದ್ಯಮ ತಾನಾಗೇ ಹುಟ್ಕೋತವೆ ಅನ್ನೋ ನಂಬಿಕೆ. ಇಟಲಿಯ ದಕ್ಷಿಣ ಭಾಗಕ್ಕೆ ಅಂತ 1950ರಲ್ಲಿ ಶುರುವಾಗಿ 1984ರ ತನಕ ನಡೆದ ದೊಡ್ಡ ನಿಧಿ ಮೊದಲ ವರ್ಷಗಳಲ್ಲಿ ರಸ್ತೆ, ನೀರು ಅಂತ ನಿಜಕ್ಕೂ ಬೇಕಾದ ಕೆಲಸ ಮಾಡ್ತು, ಆಮೇಲೆ ಉಕ್ಕು, ಪೆಟ್ರೋಕೆಮಿಕಲ್ ಅಂತ ಹೋಯ್ತು, ಜನ ಅವಕ್ಕೆ 'ಮರುಭೂಮಿಯಲ್ಲಿ ಕಟ್ಟಿದ ಕೆಥೆಡ್ರಲ್', ಅಂದ್ರೆ ದೊಡ್ಡ ಚರ್ಚು, ಅಂತ ಹೆಸರಿಟ್ರು, ದೊಡ್ಡದಾಗಿ ನಿಂತಿದೆ ಸುತ್ತ ಏನೂ ಇಲ್ಲ ಅಂತ. ಸ್ಕಾಟ್‌ಲ್ಯಾಂಡಿನ ಉತ್ತರದ ಇನ್ವರ್‌ಗಾರ್ಡನ್‌ನಲ್ಲಿ 1971ರಲ್ಲಿ ಅಲ್ಯೂಮಿನಿಯಂ ಸ್ಮೆಲ್ಟರ್, ಅಂದ್ರೆ ಆ ಲೋಹ ತಯಾರು ಮಾಡೋ ದೊಡ್ಡ ಕಾರ್ಖಾನೆ, ಬಂತು, 1981ರ ಕೊನೆಗೆ ಬಾಗಿಲು ಹಾಕಿತು, ಹತ್ತಿರ ಹತ್ತಿರ 900 ಕೆಲಸ ಒಂದೇ ಏಟಿಗೆ ಹೋಯ್ತು. ಕಚ್ಚಾ ಮಾಲು ಹೊರಗಿಂದು, ಕರೆಂಟಿನ ಒಪ್ಪಂದ ಹೊರಗಿಂದು, ಮುಚ್ಚೋ ತೀರ್ಮಾನಾನೂ ಹೊರಗಿಂದೇ.

ಅದೇ ಪ್ರದೇಶದಲ್ಲಿ ಕೆಲಸ ಮಾಡ್ತಿದ್ದ ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ಅಭಿವೃದ್ಧಿ ಮಂಡಳಿ, 1965ರಲ್ಲಿ ಹುಟ್ಟಿದ್ದು, ನನಗೆ ಇಷ್ಟ ಆಗೋದು ಯಾಕಂದ್ರೆ ಅದು ಕಲೀತು. ಆಫೀಸು ರಾಜಧಾನಿಯಲ್ಲಿರಲಿಲ್ಲ, ಇನ್ವರ್‌ನೆಸ್‌ನಲ್ಲೇ ಇತ್ತು, ಆರ್ಥಿಕ ಕೆಲಸದ ಜೊತೆ ಸಾಮಾಜಿಕ ಕೆಲಸಾನೂ ಕಾನೂನಿನಲ್ಲೇ ಬರೆದಿತ್ತು. 1977ರಿಂದ ಅವರು ದ್ವೀಪಗಳಲ್ಲಿ ಊರಿನವರ ಸಹಕಾರ ಸಂಘಗಳಿಗೆ ನೆರವು ಕೊಡೋಕೆ ಶುರು ಮಾಡಿದ್ರು, ಊರಿನವರು ಎಷ್ಟು ಷೇರು ದುಡ್ಡು ಕೂಡಿಸ್ತಾರೋ ಅದಕ್ಕೆ ಮಂಡಳಿನೂ ಹಾಕೋದು, ಮೊದಲ ಕೆಲವು ವರ್ಷ ಮ್ಯಾನೇಜರ್ ಸಂಬಳಕ್ಕೂ ಸಹಾಯ. ಐಡಿಯಾ ಬಂದಿದ್ದು ಐರ್ಲೆಂಡಿನ ಪಶ್ಚಿಮ ತೀರದ ಸಂಘಗಳಿಂದ, ಅಂದ್ರೆ ಒಂದು ಅಂಚು ಇನ್ನೊಂದು ಅಂಚಿಂದ ಕಲಿತಿದ್ದು. ಕೆಲವು ಸಂಘ ಮುಚ್ಚಿದ್ವು, ಕೆಲವು ಉಳೀತು. ಆದ್ರೆ ಮುಚ್ಚಿದ ಕಡೆನೂ ಲೆಕ್ಕ ಬರೆಯೋದು, ಮೀಟಿಂಗ್ ನಡೆಸೋದು ಕಲಿತ ಜನ ಅಲ್ಲೇ ಇದ್ರು, ಸ್ಮೆಲ್ಟರ್ ಮುಚ್ಚಿದಾಗ ಅಂಥದ್ದೇನು ಉಳಿಯುತ್ತೆ ಹೇಳಿ.

ಈಗಿನ ಕಾಲದ ಸ್ಮೆಲ್ಟರ್ ಅಂದ್ರೆ ಸ್ಟಾರ್ಟಪ್ ಹಬ್ಬು. ಮಹಾನಗರದ ಮಾದರಿನ ಹಾಗೇ ಎತ್ಕೊಂಡು ಬರ್ತಾರೆ: ಇನ್‌ಕ್ಯುಬೇಟರ್ ಕಟ್ಟಡ, ಹೊಸ ಕಂಪನಿಗಳನ್ನ ಬೇಗ ಬೆಳೆಸೋಕೆ ಮೂರು ತಿಂಗಳ ಆಕ್ಸಿಲರೇಟರ್ ತರಬೇತಿ, ದುಡ್ಡು ಹಾಕೋರ ಮುಂದೆ ಐಡಿಯಾ ಒಪ್ಪಿಸೋ ಪಿಚ್, ಹೂಡಿಕೆದಾರರು. ಆ ಮಾದರಿಯ ಲೆಕ್ಕಾಚಾರ ಏನು ಅಂತ ಯೋಚನೆ ಮಾಡಿ. ಬಹಳ ಕಡೆ ದುಡ್ಡು ಹಾಕು, ಹೆಚ್ಚಿನವು ಸಾಯಲಿ, ಒಂದೆರಡು ದೈತ್ಯ ಆಗಲಿ, ಸೋತವನು ಪಕ್ಕದ ಬೀದಿಯ ಕಂಪನಿಗೆ ಕೆಲಸಕ್ಕೆ ಸೇರ್ಕೋತಾನೆ. ದಟ್ಟ ಜನಸಂಖ್ಯೆ ಇರೋ ಕಡೆ ಇದು ನಡೆಯುತ್ತೆ. ಸಾವಿರ ಜನ ಇರೋ ಊರಲ್ಲಿ ಪಕ್ಕದ ಬೀದಿಯ ಕಂಪನಿ ಎಲ್ಲಿಂದ ಬರುತ್ತೆ, ಸೋತವರು ಹೋಗೋದು ಊರು ಬಿಟ್ಟೇ, ಜೊತೆಗೆ ಇಬ್ಬರು ಮಕ್ಕಳೂ ಹೋಗ್ತಾರೆ, ಇಬ್ಬರು ಮಕ್ಕಳು ಹೋದ್ರೆ ಶಾಲೆಯ ಒಬ್ಬ ಟೀಚರ್ ಪೋಸ್ಟ್ ಹೋಗುತ್ತೆ.

ದೂರದ ಊರಿನ ಉದ್ಯಮಿ ಹೇಗಿರ್ತಾರೆ ಅಂತ ಸ್ಕೀಮ್ ಬರೆಯೋರು ಒಂದು ದಿನ ಕೂತು ನೋಡಬೇಕು. ಅವರಿಗೆ ಸಾಮಾನ್ಯವಾಗಿ ಒಂದೇ ಕೆಲಸ ಇರಲ್ಲ. ಬೆಳಿಗ್ಗೆ ಸ್ಕೂಲ್ ವ್ಯಾನ್ ಓಡಿಸ್ತಾರೆ, ಮಧ್ಯಾಹ್ನ ಜಮೀನೋ ದೋಣಿಯೋ, ಸೀಸನ್ನಲ್ಲಿ ಎರಡು ರೂಮು ಬಾಡಿಗೆಗೆ ಕೊಡ್ತಾರೆ, ರಾತ್ರಿ ಯಾರದ್ದೋ ಮೋಟಾರ್ ರಿಪೇರಿ. ಪ್ರತಿಯೊಂದೂ ಬೇರೆ ಬೇರೆ ನೋಡಿದ್ರೆ ಬಿಸಿನೆಸ್ ಅಂತ ಅನ್ನಿಸೋದೇ ಇಲ್ಲ, ಒಟ್ಟಿಗೆ ನೋಡಿದ್ರೆ ಬಹಳ ಗಟ್ಟಿಯಾದ ಬಿಸಿನೆಸ್, ಒಂದು ಕೈಕೊಟ್ರೆ ಇನ್ನೊಂದಿದೆ. ಆದ್ರೆ ಅರ್ಜಿಯಲ್ಲಿ ಕೇಳೋದು 'ನೀವು ಫುಲ್ ಟೈಮ್ ಇದೇ ಉದ್ಯಮದಲ್ಲಿದೀರಾ' ಅಂತ. ಇಲ್ಲ ಅಂದ್ರೆ ಅಲ್ಲೇ ಹೊರಗೆ.

ಇನ್ನೊಂದು, ಹೊಸ ಉದ್ಯಮಗಳ ಸಂಖ್ಯೆ ಎಣಿಸೋ ಚಟ. ಇರೋದೇ ಒಂದು ಗ್ಯಾರೇಜು, ಒಂದು ದಿನಸಿ ಅಂಗಡಿ ಅನ್ನೋ ಕಡೆ ಎರಡನೇದಕ್ಕೆ ಸಬ್ಸಿಡಿ ಕೊಟ್ರೆ ಇರೋ ಗಿರಾಕಿಗಳೇ ಹಂಚಿಹೋಗಿ ಎರಡೂ ಮುಳುಗ್ತವೆ. ಅಲ್ಲಿ ಹೊಸದು ಶುರು ಮಾಡೋದಕ್ಕಿಂತ, ವಯಸ್ಸಾದ ಮಾಲೀಕರ ಕೈಯಿಂದ ಇರೋ ಉದ್ಯಮ ಮುಂದಿನವರ ಕೈಗೆ ಸರಿಯಾಗಿ ಹೋಗೋ ಹಾಗೆ ಮಾಡೋದು ಎಷ್ಟೋ ದೊಡ್ಡ ಕೆಲಸ, ಖರ್ಚೂ ಕಮ್ಮಿ. ಮಾರಾಟಕ್ಕೆ ಇದೆ ಅಂತ ಹೇಳೋಕೆ ಸಂಕೋಚ, ಕೊಳ್ಳೋರಿಗೆ ಬ್ಯಾಂಕ್ ಲೋನ್ ಇಲ್ಲ, ಇಬ್ಬರನ್ನೂ ಸೇರಿಸೋರು ಯಾರೂ ಇಲ್ಲ, ಕೊನೆಗೆ ಮಾಲೀಕರ ಜೊತೆ ಉದ್ಯಮಾನೂ ಹೋಗುತ್ತೆ. 'ಸ್ಟಾರ್ಟ್' ಅನ್ನೋ ಪದದ ಮೇಲೆ ನಮಗೆ ಇಷ್ಟು ಮೋಹ ಇರೋದ್ರಿಂದ ಈ ಕೆಲಸಕ್ಕೆ ಬಜೆಟ್ಟೇ ಇರಲ್ಲ.

ಸಬ್ಸಿಡಿ ಬಗ್ಗೆ ಒಂದು ಮಾತು. ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಲ್ 1990ರಲ್ಲಿ ಬರೆದ ಒಂದು ಪ್ರಬಂಧ ಇದೆ. ಅವರು ಹೇಳೋದು, ಉದ್ಯಮಶೀಲರು ಎಲ್ಲಾ ಸಮಾಜದಲ್ಲೂ ಇದ್ದೇ ಇರ್ತಾರೆ, ಅವರ ಬುದ್ಧಿ ಯಾವ ಕಡೆ ಹೋಗುತ್ತೆ ಅನ್ನೋದನ್ನ ಆಟದ ನಿಯಮ ತೀರ್ಮಾನ ಮಾಡುತ್ತೆ ಅಂತ. ಇದನ್ನ ಅಂಚಿನ ಊರಿಗೆ ತಂದು ನೋಡಿ. ಊರಲ್ಲಿ ಸಿಗೋ ಅತ್ಯಂತ ಲಾಭದ ವ್ಯವಹಾರ ಅಂದ್ರೆ ಗ್ರಾಂಟ್ ತಗೊಳ್ಳೋದೇ ಆದ್ರೆ, ಅಲ್ಲಿನ ಚುರುಕಾದ ತಲೆಗಳೆಲ್ಲಾ ಅರ್ಜಿ ತುಂಬೋದರಲ್ಲಿ ಎಕ್ಸ್‌ಪರ್ಟ್ ಆಗ್ತವೆ. ತಪ್ಪು ಅವರದ್ದಲ್ಲ. ದುಡ್ಡು ಹೇಗೆ ಹೋಗುತ್ತೆ ಅನ್ನೋದು ಎಷ್ಟು ಹೋಗುತ್ತೆ ಅನ್ನೋದರಷ್ಟೇ ಮುಖ್ಯ ಅಂತ ನಾನು ಹೇಳೋದು ಇದಕ್ಕೇ.

ಅರ್ಜಿನೇ ಇಲ್ಲದ ನೆರವು ಇದೆಯಾ? ಇದೆ. ನಾರ್ವೆಯಲ್ಲಿ ಕೆಲಸ ಕೊಡೋರು ಸಂಬಳದ ಮೇಲೆ ಕಟ್ಟಬೇಕಾದ ಸಾಮಾಜಿಕ ಭದ್ರತೆ ತೆರಿಗೆ 1975ರಿಂದ ಜಾಗದ ಮೇಲೆ ಬೇರೆ ಬೇರೆ. ಮಾಮೂಲಿ ದರ ಶೇಕಡಾ 14.1, ದೂರ ಹೋದ ಹಾಗೆ ಇಳಿಯುತ್ತೆ, ಉತ್ತರದ ತುದಿಯ ಫಿನ್‌ಮಾರ್ಕ್, ಉತ್ತರ ಟ್ರಾಮ್ಸ್‌ನಲ್ಲಿ ಸೊನ್ನೆ. ಯಾವ ಆಫೀಸರ್ ಮುಂದೆನೂ ನಿಲ್ಲಬೇಕಿಲ್ಲ, ಅಲ್ಲಿ ಒಬ್ಬರಿಗೆ ಸಂಬಳ ಕೊಟ್ರೆ ಸಾಕು. ಜೊತೆಗೆ 1990ರಲ್ಲಿ ಆ ಭಾಗನ ವಿಶೇಷ ವಲಯ ಅಂತ ಮಾಡಿ, ಅಲ್ಲಿ ಬಂದು ಇದ್ದು ಕೆಲಸ ಮಾಡೋರ ಎಜುಕೇಶನ್ ಲೋನ್ ಪ್ರತಿ ವರ್ಷ ಶೇಕಡಾ 10ರಷ್ಟು, ಒಂದು ಮಿತಿಯೊಳಗೆ, ಮನ್ನಾ ಮಾಡ್ತಾ ಬಂದ್ರು. ಇದು ಉದ್ಯಮಿಗಳ ಸ್ಕೀಮ್ ಅಲ್ಲವೇ ಅಲ್ಲ, ಆದ್ರೆ ಉದ್ಯಮಿಗೆ ಬೇಕಾದ ಅಕೌಂಟೆಂಟು, ನರ್ಸು, ಎಲೆಕ್ಟ್ರಿಷಿಯನ್ ಊರಲ್ಲಿ ಇರ್ಬೇಕಲ್ಲಾ. ಮೊದಲನೇ ಕೆಲಸಗಾರ ಸಿಗದೆ ನಿಂತುಹೋದ ಉದ್ಯಮಗಳು ಬಂಡವಾಳ ಸಿಗದೆ ನಿಂತವುಗಳಷ್ಟೇ ಇರಬಹುದು ಅಂತ ನನ್ನ ಅನಿಸಿಕೆ. ಇದೇ ಸಾಲಲ್ಲಿ ಮನೆ. ಕೆಲಸ ಇದೆ, ಬರೋಕೆ ಜನಾನೂ ಇದಾರೆ, ಬಾಡಿಗೆಗೆ ಒಂದು ಮನೆ ಇಲ್ಲ.

ಸಾಗಾಣಿಕೆ ವಿಷಯದಲ್ಲಿ ಸ್ಕಾಟ್‌ಲ್ಯಾಂಡಿನವರು 2008ರಲ್ಲಿ ಒಂದು ಪ್ರಯೋಗ ಮಾಡಿದ್ರು, ದ್ವೀಪಗಳಿಗೆ ಹೋಗೋ ಫೆರಿ ಟಿಕೆಟ್ ದರ ಅಷ್ಟೇ ದೂರ ರಸ್ತೆಯಲ್ಲಿ ಹೋದ್ರೆ ಆಗೋ ಖರ್ಚಿಗೆ ಹೋಲಿಸಿ ಇಡೋದು. ಜನ ಬಂದ್ರು, ಕಾರು ಬಂದ್ವು, ಆಮೇಲೆ ಹಡಗಲ್ಲಿ ಜಾಗ ಸಾಲದೆ ಊರಿನವರಿಗೇ ಟಿಕೆಟ್ ಸಿಗದ ಪರಿಸ್ಥಿತಿ, 2012ರಲ್ಲಿ ದೊಡ್ಡ ಸರಕು ವಾಹನಗಳನ್ನ ಆ ದರದಿಂದ ಹೊರಗೂ ಇಟ್ರು. ದರ ಇಳಿಸಿದ್ದು ಸರಿಯಾದ ಕೆಲಸನೇ, ಹಡಗು ಹೆಚ್ಚಿಸದೆ ಇಳಿಸಿದ್ರೆ ಏನಾಗುತ್ತೆ ಅಂತಾನೂ ಅದೇ ತೋರಿಸ್ತು.

ಈಗ ಐಗ್ ಅನ್ನೋ ದ್ವೀಪದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ಇಡೀ ವಿಷಯ ಇದೆ. ಅದೂ ಸ್ಕಾಟ್‌ಲ್ಯಾಂಡಿಂದೇ, ಇಡೀ ದ್ವೀಪ ಒಬ್ಬ ಮಾಲೀಕರದ್ದು, ಮಾಲೀಕರು ಬದಲಾಗ್ತಾ ಇದ್ರು. ಅಲ್ಲಿದ್ದ ಹೆಚ್ಚಿನವರಿಗೆ ಭದ್ರವಾದ ಗೇಣಿ ಪತ್ರಾನೇ ಇರಲಿಲ್ಲ. ನಾಳೆ ಖಾಲಿ ಮಾಡಿ ಅಂದ್ರೆ ಮಾಡಬೇಕು ಅನ್ನೋ ಮನೆಗೆ ಯಾರು ತಾನೇ ಒಂದು ಷೆಡ್ ಕಟ್ಕೋತಾರೆ, ಯಾವ ಬ್ಯಾಂಕ್ ಲೋನ್ ಕೊಡುತ್ತೆ? ಅಂಥ ಜಾಗದಲ್ಲಿ ನೀವು ಎಷ್ಟು ಟ್ರೈನಿಂಗ್ ಕ್ಯಾಂಪ್ ಬೇಕಾದ್ರೂ ಮಾಡಿ, ಒಂದು ಉದ್ಯಮಾನೂ ಏಳಲ್ಲ. 1997ರ ಜೂನ್‌ನಲ್ಲಿ ಅಲ್ಲಿನ ಅರವತ್ತು ಚಿಲ್ಲರೆ ಜನ, ಜಿಲ್ಲಾ ಕೌನ್ಸಿಲ್ಲು, ಒಂದು ವನ್ಯಜೀವಿ ಟ್ರಸ್ಟು ಸೇರಿ, ಹೆಚ್ಚಾಗಿ ಸಾರ್ವಜನಿಕರು ಕಳಿಸಿದ ದುಡ್ಡಿಂದ, ದ್ವೀಪವನ್ನೇ ಕೊಂಡ್ಕೊಂಡ್ರು. ಮೊದಲು ಆಗಿದ್ದು ಗೇಣಿ ಭದ್ರ ಆಗಿದ್ದು. 2008ರಲ್ಲಿ ನೀರು, ಗಾಳಿ, ಬಿಸಿಲು ಮೂರರಿಂದಲೂ ತಯಾರಾಗೋ ಸ್ವಂತ ಕರೆಂಟ್ ಬಂತು, ಅಲ್ಲಿ ತನಕ ಮನೆಮನೆಗೆ ಡೀಸೆಲ್ ಜನರೇಟರು. ಒಂದು ಮನೆಗೆ ಒಮ್ಮೆಗೆ 5 ಕಿಲೋವ್ಯಾಟ್, ಒಂದು ಉದ್ಯಮಕ್ಕೆ 10, ಅದಕ್ಕಿಂತ ಹೆಚ್ಚು ಎಳೆಯೋ ಹಾಗಿಲ್ಲ, ಆ ನಿಯಮ ಅವರೇ ಮಾಡ್ಕೊಂಡಿದ್ದು, ಅದಕ್ಕೇ ಪಾಲಿಸ್ತಾರೆ. ಈಗ ಜನಸಂಖ್ಯೆ ನೂರು ದಾಟಿದೆ, ಬೆಳೆದು ಹೊರಗೆ ಹೋಗಿದ್ದ ಮಕ್ಕಳಲ್ಲಿ ಕೆಲವರು ವಾಪಸ್ ಬಂದಿದಾರೆ. ಭೂಮಿ ಹಕ್ಕು, ಆಮೇಲೆ ಕರೆಂಟು, ಆಮೇಲೆ ಉದ್ಯಮ, ಈ ಕ್ರಮ ಗಮನಿಸಿ. ನಾವು ಉಲ್ಟಾ ಮಾಡ್ತೀವಿ.

ನೆಟ್ ವಿಷಯನೂ ಹಾಗೇ ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗ್ತೀನಿ: ಇಂಗ್ಲೆಂಡಿನ ಉತ್ತರದ ಹಳ್ಳಿಗಳಿಗೆ ಕಂಪನಿಗಳು ಫೈಬರ್ ಎಳೀದೇ ಇದ್ದಾಗ 2011ರಲ್ಲಿ ಬಿ4ಆರ್‌ಎನ್ ಅನ್ನೋ ಊರಿನವರದ್ದೇ ಸಂಸ್ಥೆ ಶುರುವಾಯ್ತು, ರೈತರು ತಮ್ಮ ಹೊಲದಲ್ಲಿ ಪುಕ್ಕಟೆ ದಾರಿ ಬಿಟ್ಟುಕೊಟ್ಟು ತಾವೇ ಕಾಲುವೆ ತೋಡಿದ್ರು.

ಜಪಾನಿನ ಕಮಿಕತ್ಸು ಅನ್ನೋ ಬೆಟ್ಟದ ಊರು, ಸುಮಾರು ಒಂದೂವರೆ ಸಾವಿರ ಜನ, ಅರ್ಧಕ್ಕಿಂತ ಹೆಚ್ಚು ವಯಸ್ಸಾದವರು. 1981ರ ಚಳಿಗೆ ಅವರ ಕಿತ್ತಳೆ ಗಿಡಗಳು ಸತ್ತುಹೋದ್ವು. ಅಲ್ಲಿನ ಕೃಷಿ ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದ ತೊಮೊಜಿ ಯೊಕೊಯಿಶಿ ಅನ್ನೋರು ಹೋಟೆಲಲ್ಲಿ ತಟ್ಟೆ ಅಲಂಕಾರಕ್ಕೆ ಇಡೋ ಎಲೆ, ಹೂವು ನೋಡಿ, ನಮ್ಮ ಬೆಟ್ಟದಲ್ಲಿ ಇದೇ ತುಂಬಿದೆಯಲ್ಲಾ ಅಂದ್ಕೊಂಡು 1986ರಲ್ಲಿ ಶುರು ಮಾಡಿಸಿದ್ರು. ಎಪ್ಪತ್ತು ಎಂಬತ್ತು ವಯಸ್ಸಿನ ಅಜ್ಜಿಯರು ಎಲೆ ಕಿತ್ತು ಪ್ಯಾಕ್ ಮಾಡ್ತಾರೆ, ಆರ್ಡರ್ ನೋಡೋಕೆ ಕಂಪ್ಯೂಟರ್ ಬಂತು, ಆಮೇಲೆ ಟ್ಯಾಬ್ ಬಂತು, ಇವತ್ತು ನನ್ನ ಮಾರಾಟ ಎಷ್ಟನೇ ಸ್ಥಾನ ಅಂತ ಅವರೇ ನೋಡ್ಕೋತಾರೆ. ಈ ಕಥೆ ಕೇಳಿದ ಎಲ್ಲರೂ 'ಎಲೆ' ಅನ್ನೋದನ್ನ ಎತ್ಕೊಂಡು ಹೋಗ್ತಾರೆ, ನಮ್ಮ ಊರಲ್ಲೂ ಅಂಥ ಒಂದು ಪ್ರಾಡಕ್ಟ್ ಹುಡುಕೋಣ ಅಂತ. ನನಗೆ ಅದರಲ್ಲಿ ಎದ್ದು ಕಾಣೋದು ಬೇರೆ. ಅಲ್ಲೇ ಇದ್ದ ಒಬ್ಬ ಮನುಷ್ಯ, ಸಂಬಳ ಇತ್ತು, ಸಂಸ್ಥೆ ಬೆನ್ನಿಗಿತ್ತು, ಹಲವು ವರ್ಷ ಅದೇ ಊರಲ್ಲಿ ಉಳಿದ, ಮೊದಮೊದಲು ಎಲೆ ಮಾರಾಟ ಆಗದೇ ಇದ್ದಾಗ ಟ್ರಾನ್ಸ್‌ಫರ್ ಆಗಿ ಹೋಗಲಿಲ್ಲ. ನಮ್ಮ ಸ್ಕೀಮುಗಳಲ್ಲಿ ಕಟ್ಟಡಕ್ಕೆ ಅಂತ ಬಜೆಟ್ಟಿನಲ್ಲಿ ಒಂದು ಹೆಡ್ ಇರುತ್ತೆ, ಮಷೀನಿಗೆ ಹೆಡ್ ಇರುತ್ತೆ, ಇಂಥ ಒಬ್ಬರಿಗೆ ಹತ್ತು ವರ್ಷ ಸಂಬಳ ಕೊಡೋ ಹೆಡ್ ಇರಲ್ಲ.

ನಿರ್ಧಾರವನ್ನ ಅಲ್ಲಿಗೆ ಕಳಿಸೋದು ಅಂದ್ರೆ ಕಾಗದದ ಮೇಲೆ ಹೇಗಿರುತ್ತೆ ಅಂತ ಕೇಳ್ತೀರಿ. ಕೆನಡಾದ ಹಳ್ಳಿ ಭಾಗಗಳಲ್ಲಿ ಕಮ್ಯುನಿಟಿ ಫ್ಯೂಚರ್ಸ್ ಅಂತ ಇನ್ನೂರಕ್ಕೂ ಹೆಚ್ಚು ಆಫೀಸುಗಳಿವೆ, 1980ರ ದಶಕದಲ್ಲಿ ಶುರುವಾಗಿದ್ದು. ದುಡ್ಡು ಕೇಂದ್ರ ಸರ್ಕಾರದ್ದು, ಆದ್ರೆ ಯಾರಿಗೆ ಲೋನ್ ಅನ್ನೋದನ್ನ ಆ ಊರುಗಳ ಸ್ವಯಂಸೇವಕರ ಬೋರ್ಡು ತೀರ್ಮಾನ ಮಾಡುತ್ತೆ. ಅರ್ಜಿ ಹಾಕಿದವರ ಬ್ಯಾಂಕ್ ಸ್ಕೋರ್ ಜೊತೆಗೆ, ಅವರು ಚಳಿಗಾಲದಲ್ಲಿ ಎಷ್ಟು ಕಷ್ಟಪಟ್ಟು ದೋಣಿ ರಿಪೇರಿ ಮಾಡ್ತಾರೆ ಅಂತಾನೂ ಬೋರ್ಡಿಗೆ ಗೊತ್ತಿರುತ್ತೆ. ಯುರೋಪಿಯನ್ ಯೂನಿಯನ್ನಿನ ಲೀಡರ್ ಅನ್ನೋ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ 1991ರಲ್ಲಿ 217 ಸ್ಥಳೀಯ ಗುಂಪುಗಳಿಂದ ಶುರುವಾಗಿ ಇವತ್ತು ಸಾವಿರಾರು ಗುಂಪು ಆಗಿದೆ, ಅಲ್ಲಿ ಸರ್ಕಾರಿ ಸಂಸ್ಥೆಗಳಿಗಾಗಲಿ ಯಾವುದೇ ಒಂದು ಹಿತಾಸಕ್ತಿ ಗುಂಪಿಗಾಗಲಿ ಶೇಕಡಾ 49ಕ್ಕಿಂತ ಹೆಚ್ಚು ವೋಟು ಇರೋ ಹಾಗಿಲ್ಲ ಅಂತ ನಿಯಮ ಬಂತು. ಆ ನಿಯಮ ಯಾಕೆ ಬೇಕು ಅಂದ್ರೆ, ಊರಿಗೆ ಅಧಿಕಾರ ಕೊಡಿ ಅನ್ನೋದು ಸುಲಭ, ಊರು ಅಂದ್ರೆ ಯಾರು? ಸಣ್ಣ ಊರಲ್ಲಿ ನಾಲ್ಕು ಮನೆತನದವರೇ ಎಲ್ಲಾ ಕಮಿಟಿಯಲ್ಲಿ ಇರೋದು, ಬೋರ್ಡಲ್ಲಿ ಕೂತವರ ಅಣ್ಣನಿಗೇ ಲೋನ್ ಹೋಗೋದು, ಹೊರಗಿಂದ ಬಂದು ಸೇರಿದವರಿಗೆ, ಹೆಂಗಸರಿಗೆ ಮಾತೇ ಇಲ್ಲದೆ ಹೋಗೋದು, ಇದೆಲ್ಲಾ ನಡೆಯುತ್ತೆ. ಅದಕ್ಕೆ ಅಧಿಕಾರ ಕಳಿಸೋವಾಗ ನಿಯಮಾನೂ ಜೊತೆಗೇ ಕಳಿಸಬೇಕು: ಹಿತಾಸಕ್ತಿ ಇದ್ರೆ ಎದ್ದು ಹೊರಗೆ ಹೋಗಬೇಕು, ಲೆಕ್ಕ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು, ಬೋರ್ಡಿನ ಸದಸ್ಯರು ಸರದಿಯಲ್ಲಿ ಬದಲಾಗಬೇಕು. ಮತ್ತೆ ಲೀಡರ್ ಬಗ್ಗೆ ಒಂದು ದೂರು ಎಲ್ಲಾ ಕಡೆ ಕೇಳುತ್ತೆ, ವರ್ಷಗಳು ಹೋದ ಹಾಗೆ ಪೇಪರ್ ಕೆಲಸ ಎಷ್ಟು ಬೆಳೀತು ಅಂದ್ರೆ ಸಣ್ಣ ಗ್ರಾಂಟಿಗೂ ದೊಡ್ಡ ಫೈಲು ಬೇಕು. ನಿರ್ಧಾರ ಕೊಟ್ಟ ಹಾಗೆ ಮಾಡಿ ಆಡಿಟ್ ಮೂಲಕ ವಾಪಸ್ ತಗೊಳ್ಳೋದು ಅಂದ್ರೆ ಇದೇ.

ಸಮಯದ ಬಗ್ಗೆ: ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಮೊದಲ ವರ್ಷ ನೇಮಕಾತಿ, ಕೊನೇ ವರ್ಷ ರಿಪೋರ್ಟು, ಮಧ್ಯ ಉಳಿಯೋದು ಒಂದು ವರ್ಷ. ಐಗ್‌ನಲ್ಲಿ ಭೂಮಿಯಿಂದ ಕರೆಂಟಿಗೆ ಬರೋಕೆ ಹನ್ನೊಂದು ವರ್ಷ ಆಯ್ತು. ಅಳತೆ ಮಾಡೋದಾದ್ರೆ ಹತ್ತು ವರ್ಷ ಆದ ಮೇಲೆ ಉದ್ಯಮ ಇದೆಯಾ, ಅದರ ಲಾಭದಲ್ಲಿ ಎಷ್ಟು ಊರಲ್ಲೇ ಸುತ್ತುತ್ತೆ, ಶಾಲೆಯಲ್ಲಿ ಮಕ್ಕಳೆಷ್ಟು, ಹೊರಗೆ ಹೋದವರಲ್ಲಿ ವಾಪಸ್ ಬಂದವರೆಷ್ಟು, ಇಂಥದ್ದನ್ನ ಅಳೀರಿ.

ಕೊನೆಗೆ ಪ್ರಶ್ನೋತ್ತರದಲ್ಲಿ ಒಬ್ಬರು ಹಿಂದಿನ ಸಾಲಿಂದ ಎದ್ದು ನೇರವಾಗಿ ಕೇಳಿದ್ರು, ಮೇಡಂ, ಇಷ್ಟೆಲ್ಲಾ ಖರ್ಚು ಯಾಕೆ, ಅಲ್ಲಿರೋ ಜನರನ್ನ ಪಟ್ಟಣಕ್ಕೆ ಕರ್ಕೊಂಡು ಬಂದ್ರೆ ಆಗಲ್ವಾ ಅಂತ. ಒಳ್ಳೇ ಪ್ರಶ್ನೆ, ಅದನ್ನ ಮಾಡಿ ನೋಡಿದಾರೆ ಕೂಡ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 1954ರಿಂದ 1975ರ ತನಕ ಸುಮಾರು 300 ಮೀನುಗಾರ ಹಳ್ಳಿಗಳಿಂದ 30,000 ಜನರನ್ನ ಎಬ್ಬಿಸಿದ್ರು, ಕೆಲವರು ಮನೆಗಳನ್ನೇ ನೀರಿನ ಮೇಲೆ ತೇಲಿಸ್ಕೊಂಡು ಹೋದ್ರು. ಫೋಗೋ ಅನ್ನೋ ದ್ವೀಪದ ಮೇಲೂ ಅದೇ ಒತ್ತಡ ಇತ್ತು. 1967ರಲ್ಲಿ ಮೆಮೋರಿಯಲ್ ಯೂನಿವರ್ಸಿಟಿ ಮತ್ತು ಕೆನಡಾದ ಫಿಲ್ಮ್ ಬೋರ್ಡಿನವರು ಅಲ್ಲಿಗೆ ಹೋಗಿ ಜನ ಮಾತಾಡಿದ್ದನ್ನ ಚಿತ್ರ ಮಾಡಿದ್ರು, 27 ಸಣ್ಣ ಚಿತ್ರಗಳು, ಅವನ್ನ ಮೊದಲು ತೋರಿಸಿದ್ದು ಅಲ್ಲಿನ ಜನಕ್ಕೇ. ಆ ದ್ವೀಪದ ಹಳ್ಳಿ ಹಳ್ಳಿಗಳ ನಡುವೆ ಅಷ್ಟಾಗಿ ಮಾತುಕತೆ ಇರಲಿಲ್ಲ, ಚಿತ್ರ ನೋಡಿ ನಮ್ಮೆಲ್ಲರ ಕಷ್ಟ ಒಂದೇ ಅಂತ ಗೊತ್ತಾಯ್ತು. ಅದೇ ಕಾಲಕ್ಕೆ ಸಹಕಾರ ಸಂಘ ಕಟ್ಟಿ, ದೊಡ್ಡ ದೋಣಿ ತಾವೇ ಮಾಡ್ಕೊಂಡು, ಮೀನು ಸಂಸ್ಕರಣೆ ತಾವೇ ನಡೆಸಿದ್ರು. 1992ರಲ್ಲಿ ಸರ್ಕಾರ ಕಾಡ್ (cod) ಅನ್ನೋ ಜಾತಿಯ ಮೀನು ಹಿಡಿಯೋದನ್ನೇ ನಿಲ್ಲಿಸಿದಾಗ ಕರಾವಳಿಯ ಎಷ್ಟೋ ಊರು ಕುಸಿದ್ವು, ಫೋಗೋ ಸಂಘ ಏಡಿ, ಸಿಗಡಿ ಕಡೆ ತಿರುಗಿ ಉಳೀತು. ಆಮೇಲೆ ಅಲ್ಲೇ ಹುಟ್ಟಿ ಬೆಳೆದು ಹೊರಗೆ ದುಡಿದ ಜೀಟಾ ಕಾಬ್ ವಾಪಸ್ ಬಂದು, ಅಣ್ಣತಮ್ಮಂದಿರ ಜೊತೆ ಶೋರ್‌ಫಾಸ್ಟ್ ಅನ್ನೋ ಸಂಸ್ಥೆ ಕಟ್ಟಿದ್ರು. 2013ರಲ್ಲಿ 29 ರೂಮಿನ ಒಂದು ಹೋಟೆಲ್ ತೆರೆದ್ರು, ಅದರ ಲಾಭ ಯಾರ ಜೇಬಿಗೂ ಹೋಗದೆ ದ್ವೀಪದ ಕೆಲಸಕ್ಕೇ ಹೋಗುತ್ತೆ, 2018ರಿಂದ ಗಿರಾಕಿ ಕೊಡೋ ದುಡ್ಡು ಎಲ್ಲೆಲ್ಲಿಗೆ ಹೋಗುತ್ತೆ ಅಂತ ಲೇಬಲ್ ಹಾಕಿ ತೋರಿಸ್ತಾರೆ.

ಎಲ್ಲಾ ಊರೂ ಫೋಗೋ ಆಗುತ್ತೆ ಅಂತ ನಾನು ಅವರಿಗೆ ಹೇಳಲಿಲ್ಲ. ಕೆಲವು ಊರುಗಳಿಗೆ ಸಾಧ್ಯ ಆಗಲ್ಲ, ಅಲ್ಲಿನ ಜನಕ್ಕೇ ಹೋಗಬೇಕು ಅನ್ನಿಸಬಹುದು. ನ್ಯೂಫೌಂಡ್‌ಲ್ಯಾಂಡಿನಲ್ಲಿ ಈಗಲೂ ಊರು ಬಿಡೋ ವ್ಯವಸ್ಥೆ ಇದೆ, ಆದ್ರೆ ಮೊದಲ ಅರ್ಜಿ ಊರಿನವರಿಂದಲೇ ಬರಬೇಕು, ಅವರೇ ವೋಟು ಹಾಕಬೇಕು, ದೊಡ್ಡ ಬಹುಮತ ಇದ್ರೇನೇ ಮುಂದಿನ ಮಾತು. ಅವರು ಇನ್ನೊಂದು ಕೇಳಿದ್ರು, ವೋಟಲ್ಲಿ ಸೋತ ನಾಲ್ಕು ಮನೆಯವರ ಗತಿ ಏನು ಅಂತ. ಅಷ್ಟರಲ್ಲಿ ಟೈಮ್ ಮುಗೀತು, ನಾವಿಬ್ಬರೂ ಹೊರಗಡೆ ಮೆಟ್ಟಿಲ ಮೇಲೆ ಕೂತು ಇನ್ನೂ ಒಂದು ಗಂಟೆ ಅದನ್ನೇ ಮಾತಾಡಿದ್ವಿ.